ಕುರೊಕಾವಾ ಡಾಕ್ಟರ ಮಿಠಾಯಿ

ಜಪಾನಿನ ನೀಗಾತಾದ ಆಸ್ಪತ್ರೆಯ ಕುರೊಕಾವಾ ಡಾಕ್ಟರು ಜನರ ಹೊಟ್ಟೆಯೊಳಗೇ ಸಂಸಾರ ಹೂಡಿದ್ದಾರೆಂದು ನರ್ಸ್ ಇಸೋಬೆಯ ನಂಬಿಕೆ. ಬೀದಿಯಲ್ಲಿ ಎದುರಾದವರ ಮುಖ ಅವರಿಗೆ ನೆನಪಾಗುವುದಿಲ್ಲ, ಎಂಡೋಸ್ಕೋಪಿಯ ತೆರೆಯಲ್ಲಿ ಜಠರ ಕಂಡರೆ ಸಾಕು, "ಓಹೋ, ಮೀನಂಗಡಿಯವ್ರು! ಉಪ್ಪುಮೀನು ಬಿಡಿ ಅಂದಿದ್ನಲ್ಲಾ?" ಎನ್ನುತ್ತಾರೆ. ಕ್ಯಾನ್ಸರಿನ ಸುಳಿವು ಹಿಡಿದ ಕಿರಿಯ ವೈದ್ಯರಿಗೆ ಅವರ ಕೋಟಿನ ಜೇಬಿನಿಂದ ಒಂದು ಕರಿಬೆಲ್ಲದ ಮಿಠಾಯಿ ಸಿಗುತ್ತದೆ. ಹೊಸದಾಗಿ ಬಂದ ಎಐ ಯಂತ್ರಕ್ಕೆ ಮಾತ್ರ ಆ ಭಾಗ್ಯವಿಲ್ಲ. ಅದು ಅನುಮಾನ ಬಂದಲ್ಲೆಲ್ಲ ತೆರೆಯ ಮೇಲೆ ಹಸಿರು ಚೌಕ ಹಾಕುತ್ತದೆ, ಇವರು "ನೊರೆ ಕಣೋ ತಮ್ಮಾ, ಬರೀ ನೊರೆ!" ಎಂದು ಗದರಿ, ನೀರು ಚಿಮ್ಮಿಸಿ, ಚೌಕ ಮಾಯವಾದೊಡನೆ ಕುಸ್ತಿ ಗೆದ್ದವರಂತೆ ಬೀಗುತ್ತಾರೆ. ಮೊನ್ನೆ ವಾರ್ಷಿಕ ತಪಾಸಣೆಗೆ ಅವರೇ ಮಂಚದ ಮೇಲೆ ಮಲಗಿದ್ದರು. ಮಂಪರಿನ ಮದ್ದು ಬೇಡವೆಂದು, ಬಾಯಲ್ಲಿ ಕೊಳವೆ ಇಟ್ಟುಕೊಂಡೇ ತೆರೆ ನೋಡುತ್ತಿದ್ದರು. ಚೌಕ ಮೂಡಿತು. "ನೊರೆ ಇರ್ಬೇಕು ಸಾರ್" ಎನ್ನುತ್ತ ಕಿರಿಯ ವೈದ್ಯ ನೀರು ಬಿಟ್ಟ. ನೊರೆ ಹೋಯಿತು, ಚೌಕ ಹೋಗಲಿಲ್ಲ. ಅಲ್ಲಿಂದ ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾಯಿತು. ಕುರೊಕಾವಾ ಎದ್ದು ಬಾಯಿ ಒರೆಸಿಕೊಂಡು, ಗೂಟದಲ್ಲಿದ್ದ ಕೋಟಿನ ಜೇಬು ತಡಕಿದರು. "ವರದಿ ಇನ್ನೂ ಬಂದಿಲ್ವಲ್ಲಾ ಸಾರ್?" ಎಂದಳು ಇಸೋಬೆ. "ನಾನೂ ನೋಡಿದೆ ಕಣಮ್ಮಾ" ಎನ್ನುತ್ತ ಅವರು ಯಂತ್ರದ ನೆತ್ತಿಯ ಮೇಲೆ ಒಂದು ಮಿಠಾಯಿ ಇಟ್ಟರು.