ಉತ್ತರ ಸಂಜೆ ಬಸ್ಸಲ್ಲಿ

ನಾನು ಜವರಯ್ಯ. ಯಸಳೂರು–ಸಕಲೇಶಪುರ ರೂಟಲ್ಲಿ ಖಾಸಗಿ ಬಸ್ಸು ಓಡಿಸಿ ತಲೆ ಬೆಳ್ಳಗಾದವನು. ಡ್ರೈವರ್ ಬಾಳು ಅಂದ್ರೆ ಹಿಂದೆ ಏನೇ ನಡೀಲಿ, ತಿರುಗಿ ನೋಡೋ ಹಂಗಿಲ್ಲ. ನಮ್ಮ ಕಂಡಕ್ಟರ್ ದೇವೀರಪ್ಪನ ಕಥೇಲಿ ಅರ್ಧ ನಾನು ಕಿವೀಲಿ ಕೇಳಿದ್ದು, ಅರ್ಧ ಕನ್ನಡೀಲಿ ನೋಡಿದ್ದು.

ದೇವೀರಪ್ಪ ಆಲೂರು ಕಡೆಯವನು. ಆಲೂಗಡ್ಡೆ, ರಾಗಿ ಬೆಳೆಯೋ ಮನೆ. ಬಾಯಿ ಅಂದ್ರೆ ಬಾಯಿ ಮಾರಾಯ, ಸತ್ತವರನ್ನೂ ಮಾತಾಡಿಸೋನು! ಟಿಕೆಟ್ ಚೀಲದಲ್ಲಿ ರಟ್ಟು ಕಿತ್ತುಹೋದ ಒಂದು ಸಾಮಾನ್ಯ ಜ್ಞಾನದ ಪುಸ್ತಕ ಇಟ್ಕೊಂಡಿರೋನು. "ಇದನ್ನೋದಿ ಡಿಸಿ ಆಗ್ತೀಯೇನೋ?" ಅಂತ ರೇಗಿಸಿದ್ರೆ, "ತಿಳ್ಕೊಂಡ್ರೆ ತಪ್ಪೇನು ಜವರಣ್ಣ" ಅಂತಿದ್ದ.

ತೊಂಬತ್ತಾರನೇ ಇಸವಿ ಹೊತ್ತಿಗೆ ಆ ಹಾಳು ಜೀಪುಗಳ ಕಾಟ ಶುರುವಾಯ್ತು. ಸಂತೆ ದಿನ ಬೆಳಿಗ್ಗೆ ನಮ್ಮ ಬಸ್ಸಲ್ಲೇ ಬಂದ ಜನ, ಸಂಜೆ ಕುರಿ ತುಂಬಿದಂಗೆ ಜೀಪಲ್ಲಿ ತುಂಬ್ಕೊಂಡು ಹೋಗ್ಬುಡೋರು. ನಾವು ಖಾಲಿ ಸೀಟು ಹೊತ್ಕೊಂಡು ಯಸಳೂರಿಗೆ ವಾಪಸ್. ನಮ್ಮ ಮಾಲೀಕ ಚಂದ್ರಶೇಖರಪ್ಪ ಒಂದಿನ ಕರೆದು ಕಡ್ಡಿ ತುಂಡು ಮಾಡ್ದಂಗೆ ಹೇಳಿದ್ರು: "ಯುಗಾದಿವರೆಗೆ ನೋಡ್ತೀನಿ. ಸಂತೆ ದಿನಾನೂ ಸಂಜೆ ಟ್ರಿಪ್ ತುಂಬಲಿಲ್ಲ ಅಂದ್ರೆ ಅದನ್ನ ನಿಲ್ಲಿಸ್ಬುಡ್ತೀನಿ."

ಈ ಸುದ್ದಿ ಗಂಗಾಮಣಿ ಕಿವಿಗೆ ಬಿತ್ತು. ನಮ್ಮ ಬಸ್ಸಲ್ಲೇ ಸಕಲೇಶಪುರಕ್ಕೆ ಹೋಗಿ ಮೊದಲ ಪಿಯುಸಿ ಓದ್ತಿದ್ದ ಹುಡುಗಿ. "ಅಣ್ಣಾ, ಸಂಜೆ ಬಸ್ಸು ನಿಲ್ಲಿಸ್ತಾರಂತೆ, ಹೌದಾ?" ಅಂತ ದೇವೀರಪ್ಪನ್ನ ಕೇಳಿದ್ಲು. "ಜೀಪಲ್ಲಿ ಗಂಡಸರ ಮಧ್ಯೆ ನುಗ್ಗಿ ಬರೋದೇನೂ ಬ್ಯಾಡ, ಬಸ್ಸು ನಿಂತ ದಿನ ಕಾಲೇಜೂ ಬುಟ್ಬುಡು ಅಂದ್ಬುಟ್ರು ನಮ್ಮಪ್ಪ." ಅಳಲಿಲ್ಲ ಆ ಹುಡುಗಿ. ಕಂಬಿ ಹಿಡ್ಕೊಂಡು ಕಿಟಕಿ ಆಚೆ ನೋಡ್ತಾ ನಿಂತ್ಲು.

ಮುಂದಿನ ಸಂತೆ ದಿನ, ಬೆಳಿಗ್ಗೆ ಟ್ರಿಪ್ಪಲ್ಲಿ ದೇವೀರಪ್ಪ ಪೀಪಿ ಊದಿ ಕೂಗಿದ: "ವಾರಕ್ಕೊಂದು ಪ್ರಶ್ನೆ! ಒಂಟೆ ಡುಬ್ಬದಲ್ಲಿ ಏನಿರ್ತೈತೆ?"

"ನೀರು!" ಅಂತ ಇಡೀ ಬಸ್ಸು ಕೂಗ್ತು.

"ಹೌದೋ ಅಲ್ವೋ, ಉತ್ತರ ಸಂಜೆ ಬಸ್ಸಲ್ಲಿ. ಸರಿಯಾಗಿ ಹೇಳಿದವರಿಗೆ ಬರೋ ಸಂತೆಗೆ ಡ್ರೈವರ್ ಪಕ್ಕದ ಸಿಂಗಲ್ ಸೀಟು!"

ಎಂಥಾ ಐನಾತಿ ನೋಡಿ! ಜೀಪಲ್ಲಿ ಹೋದವರಿಗೆ ಉತ್ತರ ಇಲ್ಲ. ಆ ಸಂಜೆ ಕೆಲವರು ಬಂದ್ರು. ಡುಬ್ಬದಲ್ಲಿರೋದು ಕೊಬ್ಬು ಅಂತ ಗೊತ್ತಾಗಿ ಬಾಯಿಬಾಯಿ ಬಿಟ್ರು. ವಾರ ವಾರಕ್ಕೂ ಜನ ಜಾಸ್ತಿಯಾದ್ರು. ಎಲೆಅಡಿಕೆ ಅಗಿಯೋ ಮುದುಕಿಯರೂ ಸಂತೇಲಿ ಸೊಪ್ಪು ಕೊಳ್ಳೋದು ಬಿಟ್ಟು ಯಾವ ದೇಶದ ರಾಜಧಾನಿ ಯಾವುದು ಅಂತ ವಿಚಾರಿಸೋರು.

ಯುಗಾದಿ ಹತ್ರ ಬಂತು. ಹೂಮಳೆ ಬಿದ್ದು ಕಾಫಿ ತೋಟಗಳೆಲ್ಲ ಬೆಳ್ಳಗೆ ಅರಳಿದ್ವು. ಆ ಸಂತೆ ಬೆಳಿಗ್ಗೆ ಚಂದ್ರಶೇಖರಪ್ಪನೋರೇ ಬಂದು ಬಸ್ಸಲ್ಲಿ ಕೂತ್ರು. "ಸಂಜೇನೂ ಬರ್ತೀನಿ, ಎಷ್ಟು ಜನ ಇರ್ತಾರೆ ನೋಡೇಬುಡ್ತೀನಿ." ದೇವೀರಪ್ಪ ಬೆವತು ಹೋದ. ಪ್ರಶ್ನೆ ಕೇಳೋದನ್ನೇ ಮರೆತು, ಸಕಲೇಶಪುರದ ಬಸ್ ಸ್ಟ್ಯಾಂಡ್ ಕಂಡಾಗ ನೆನಪಾಗಿ ಒಂದೇ ಉಸಿರಿಗೆ ಕೂಗ್ಬುಟ್ಟ: "ಕಾಫಿ ಹೂವಿಗೆ ಎಸಳು ಎಷ್ಟು? ಐದು!"

ಅಯ್ಯೋ ಪುಣ್ಯಾತ್ಮ! ಉತ್ತರಾನೂ ಒದರ್ಬುಟ್ಟ. ಬಂದ ಸಿಟ್ಟಿಗೆ ಗಕ್ಕನೆ ಬ್ರೇಕ್ ಹಾಕ್ದೆ. ಕನ್ನಡೀಲಿ ನೋಡ್ತೀನಿ, ಗಂಗಾಮಣಿ ಮುಖ ಬಾಡಿಹೋಗೈತೆ. ಇನ್ನು ಸಂಜೆ ಬಸ್ಸಿಗೆ ಯಾರು ಬರ್ತಾರೆ?

ಜನ ಗೊಣಗಾಡ್ತಾ ಇಳಿದ್ರು. "ಐದಂತೆ! ಆಲೂಗಡ್ಡೆ ಕೀಳೋನಿಗೆ ಕಾಫಿ ವಿಷಯ ಯಾಕಂತೆ?" ಅಂತ ಕೆಂಡ ಕಾರ್ಕೊಂಡು ಹೋದವರು ಶಾಂತಮಲ್ಲಪ್ಪನೋರು. ರೋಬಸ್ಟಾ ಕಾಫಿ ತೋಟದ ಸಾಹುಕಾರ್ರು. ಹೂವಿನ ಕಾಲದಲ್ಲಿ ಅವರ ತೋಟಕ್ಕೆ ನಾಯಿ ನುಗ್ಗಿದ್ರೂ ಬೈಯೋರು. ಒಂದು ಹೂ ಉದುರಿದ್ರೆ ಒಂದು ಕಾಯಿ ಹೋದಂಗಲ್ವಾ.

ಸಂಜೆಯಾಯ್ತು. ನಾನು ಸ್ಟೇರಿಂಗ್ ಹಿಡ್ಕೊಂಡು ಕೂತಿದ್ದೆ. ದೇವೀರಪ್ಪ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತಿದ್ದ. ಮಾಲೀಕರು ಗಡಿಯಾರ ನೋಡ್ತಿದ್ರು. ಗಂಗಾಮಣಿ ಒಬ್ಳೇ ಒಂದು ಸೀಟಲ್ಲಿ.

ಅಷ್ಟರಲ್ಲಿ ಗದ್ದಲ. ಶಾಂತಮಲ್ಲಪ್ಪನೋರು ಮುಂದೆ, ಹಿಂದೆ ಅರ್ಧ ಸಂತೆ! ಅವರ ಕೈಲಿ ಹೂ ಬಿಟ್ಟ ರೋಬಸ್ಟಾ ರೆಂಬೆ. ಅದೂ ಸಕಲೇಶಪುರದ ಪಕ್ಕದಲ್ಲಿರೋ ಭಾವಮೈದುನನ ತೋಟದ್ದು, ಅವರದಲ್ಲ ಬಿಡಿ! "ಎಣಿಸೋ ದೇವೀರಪ್ಪ! ಎಲ್ಲರ ಎದುರಿಗೇ ಎಣಿಸು!"

ಬಸ್ಸು ಗಿಜಿಗುಟ್ತು. ಒಳಗೆಲ್ಲ ಮಲ್ಲಿಗೆಯಂಥ ಘಮ. ಒಂದು ಹೂವಿಗೆ ಐದು ಎಸಳು, ಪಕ್ಕದ್ದಕ್ಕೆ ಆರು, ಇನ್ನೊಂದಕ್ಕೆ ಏಳು. ಅರೇಬಿಕಾ ಬೆಳೆಯೋರು "ಐದೇ ಸರಿ" ಅಂತ ಕೂಗೋದು, ರೋಬಸ್ಟಾದವರು "ಮುಚ್ಚೋ ಬಾಯಿ" ಅನ್ನೋದು. ಮಾಲೀಕರೂ ಬೆಳೆಗಾರ್ರೇ ಅಲ್ವಾ, ಗಡಿಯಾರ ಮರೆತು ಒಂದು ಹೂ ಕಿತ್ಕೊಂಡು ಎಣಿಸೋಕೆ ಕೂತ್ರು. ದಾರಿಯುದ್ದಕ್ಕೂ ಜಗಳ. ನಾನು ನಗು ತಡೀಲಾರದೆ ಗೇರ್ ತಪ್ಪಿಸಿದೆ.

ಯಸಳೂರಲ್ಲಿ ಇಳೀವಾಗ ಚಂದ್ರಶೇಖರಪ್ಪ ಇಷ್ಟೇ ಅಂದಿದ್ದು: "ಟ್ರಿಪ್ ಇರ್ಲಿ. ಬರೋ ವಾರ ಪ್ರಶ್ನೆ ಸರಿಯಾಗಿ ಓದ್ಕೊಂಡು ಬಾರಯ್ಯ." ಗಂಗಾಮಣಿ ಹಿಂದಿನಿಂದ ಚಪ್ಪಾಳೆ ಹೊಡೆದ್ಲು. ದೇವೀರಪ್ಪ ಕಣ್ಣೊರೆಸ್ಕೊಂಡು, "ಧೂಳು ಕಣ್ ಜವರಣ್ಣ" ಅಂದ. ಹೂಮಳೆ ಬಿದ್ದ ಮೇಲೆ ಎಲ್ಲಿಂದ ಬಂತೋ ಧೂಳು!

ಆಮೇಲೆ ಆ ಹುಡುಗಿ ಪಿಯುಸಿ ಮುಗಿಸಿ ಟೀಚರಾಗೋ ಟಿಸಿಎಚ್ ಕೋರ್ಸ್ ಮಾಡೋಕೆ ಹಾಸನಕ್ಕೆ ಹೋದ್ಲು ಅಂತ ಕೇಳಿದ್ದೆ. ದೇವೀರಪ್ಪ ಕೆಲಸ ಬಿಟ್ಟು ಆಲೂರು ಸೇರ್ಕೊಂಡ.

ಹೋದ ವರ್ಷ ನನ್ನ ಮೊಮ್ಮಗಳು ಮೇಘಾ ಹೊಸ ಸ್ಕೂಲಿಗೆ ಸೇರಿದ್ಲು. ಸ್ಕೂಲು ಅಂದ್ರೆ ಹೊಟ್ಟೆನೋವು ಬರೋ ಮಗು ಅದು. ಒಂದು ಭಾನುವಾರ ನೆಂಟರ ಮನೆಗೆ ಹೊರಟಿದ್ವಿ, "ನಾಳೆ ಒಂದಿನ ರಜಾ ಹಾಕು ಪುಟ್ಟಿ" ಅಂದ್ರೆ ಜಪ್ಪಯ್ಯ ಅಂದ್ರೂ ಒಪ್ಪಲಿಲ್ಲ.

"ಶನಿವಾರ ಬೆಲ್ ಹೊಡಿಯೋಕೆ ಮುಂಚೆ ನಮ್ಮ ಮಿಸ್ಸು ಪ್ರಶ್ನೆ ಕೇಳ್ತಾರೆ ತಾತ. ಉತ್ತರ ಸೋಮವಾರ ಬಂದವರಿಗೆ ಮಾತ್ರ. ಒಂಟೆ ಡುಬ್ಬದಲ್ಲಿ ಏನಿರುತ್ತೆ, ನಿಂಗೊತ್ತಾ?"

ಕೈಲಿದ್ದ ಚೀಲ ಕೆಳಗಿಟ್ಟೆ. "ಯಾರು ನಿಮ್ಮ ಮಿಸ್ಸು?"

"ಗಂಗಾಮಣಿ ಮಿಸ್ಸು."

ತಕ್ಷಣ ದೇವೀರಪ್ಪನಿಗೆ ಫೋನ್ ಮಾಡ್ದೆ. ಎಲ್ಲಾ ಕೇಳಿಸ್ಕೊಂಡ. ಆಮೇಲೆ ಅಂದ: "ಜವರಣ್ಣ, ಮಗೂಗೆ ಉತ್ತರ ಹೇಳ್ಬುಟ್ಟೀಯ ಮತ್ತೆ! ನಾಳೆ ಸ್ಕೂಲಿಗೆ ಹೋಗ್ಲಿ."