ತಿಮ್ಮರಾಯಪ್ಪ ಎಲೆ ನಿಲ್ಲಿಸಲಿಲ್ಲ

ಸುಬ್ರಹ್ಮಣ್ಯಪುರದ ತಿಮ್ಮರಾಯಪ್ಪನನ್ನು ಅವನ ಎಂಟು ಮನೆಗಳ ಬಾಡಿಗೆದಾರರು ಗುರುತಿಸುವುದು ಮೋಟರ್ ಹಾಕುವ ಅಂಕಲ್ ಎಂದು. ನಲ್ಲಿಯಲ್ಲಿ ನೀರು ನಿಂತಾಗ ಮಾತ್ರ ಅವರಿಗೆ ಅವನ ನೆನಪಾಗುತ್ತದೆ. ಆ ಮನೆಗಳು ಇನ್ನೂ ರಾಗಿ ಹೊಲವಾಗಿದ್ದ ಕಾಲದಲ್ಲಿ ಅವನು ಬೇಟೆಯವರ ಜೊತೆ ಹೋಗುವ ಎಲೆ ಊದುವವನು. ಹೊಂಗೆ ಎಲೆಯೊಂದನ್ನು ತುಟಿಗಳ ನಡುವೆ ಇಟ್ಟು ಊದಿದನೆಂದರೆ ತಾಯಿಯನ್ನು ಕಾಣದ ಜಿಂಕೆಮರಿಯ ಕೂಗು ತದ್ರೂಪು ಹೊರಡುತ್ತಿತ್ತು. ಒಮ್ಮೆ ಬನಶಂಕರಿ ಬಸ್ ನಿಲ್ದಾಣದಲ್ಲಿ ಹೊತ್ತು ಹೋಗದೆ ಊದಿದಾಗ, ಹೊರಟಿದ್ದ ಮೂರು ಬಸ್ಸುಗಳು ಹಿಂದಕ್ಕೆ ಬಂದವು. ನಾಲ್ಕನೆಯದು ಬರಲಿಲ್ಲ, ಅದರ ಡ್ರೈವರಿಗೆ ಕಿವಿ ಮಂದ.

ಬೇಟೆಯ ಕ್ರಮ ಹೀಗೆ. ಮರಿಯ ಕೂಗಿಗೆ ಮೊದಲು ಬರುವುದು ಹೆಣ್ಣು. ಗಂಡು ಅದರ ಹಿಂದೆ, ಮದುವೆಮನೆಗೆ ಊಟದ ಹೊತ್ತಿಗೆ ಸರಿಯಾಗಿ ಬರುವ ನೆಂಟನಂತೆ ನಿಧಾನಕ್ಕೆ ಬರುತ್ತದೆ. ಅದು ಬಯಲಿಗೆ ಬಂದೊಡನೆ ಊದುವವನು ಥಟ್ಟನೆ ನಿಲ್ಲಿಸುತ್ತಾನೆ. ಕೂಗು ಎಲ್ಲಿ ಹೋಯಿತೆಂದು ಜಿಂಕೆ ನಿಂತು ಕಿವಿ ನಿಮಿರಿಸುತ್ತದೆ. ಗುಂಡು ಹಾರುವುದು ಆಗಲೇ. ನಂಬಿ ಬಂದ ತಾಯಿಯನ್ನು ಮಾತ್ರ ಮುಟ್ಟುವಂತಿಲ್ಲ. ತಿಮ್ಮರಾಯಪ್ಪನ ಎಲೆಗೆ ಬಂದ ಒಂದು ಹೆಣ್ಣೂ ಸತ್ತಿರಲಿಲ್ಲ. ಅವನಿಗೆ ಜಂಬವೇನಾದರೂ ಇದ್ದರೆ ಅದೊಂದೇ.

ಆಮೇಲೆ ಅರಣ್ಯ ಇಲಾಖೆಯವರು ಬಿಗಿಯಾದರು, ಹೊಲ ಸೈಟಾಯಿತು. ಮೂವತ್ತು ವರ್ಷ ಅವನು ಎಲೆಯನ್ನು ತುಟಿಗೆ ತಾಗಿಸಲಿಲ್ಲ.

ಕಳೆದ ಡಿಸೆಂಬರಿನಲ್ಲಿ ಹೆಂಡತಿ ಮುನಿವೆಂಕಟಮ್ಮನ ತಮ್ಮ ಕೆಂಪರಾಜು ಮನೆಗೆ ಬಂದ. ಸೈಟು ಮಾರುವುದು ಅವನ ಕಸುಬು. ಕನಕಪುರ ರಸ್ತೆಯಾಚೆ, ಕಾಡಿನ ಬೇಲಿಗೆ ಅಂಟಿಕೊಂಡಂತೆ ಅವನ ಎರಡು ಎಕರೆ ಇತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಮಾಡಿಸಿದ ಕೋವಿಯೂ ಇತ್ತು. ಬೆಳೆಯೊಂದು ಇರಲಿಲ್ಲ.

"ಭಾವ, ಭಾನುವಾರ ಸೈಟ್ ತಗೊಳ್ಳೋ ಪಾರ್ಟಿ ಒಬ್ರು ಬರ್ತಾರೆ. ಜಿಂಕೆ ಬಾಡು ಮಾಡಿಸ್ತೀನಿ ಅಂದ್ಬಿಟ್ಟಿದೀನಿ."

"ಜೈಲಲ್ಲಿ ಮುದ್ದೆ ಕೊಡ್ತಾರೆ. ಅದನ್ನ ತಿನ್ನಿಸು."

"ಬಿಡಿ ಭಾವ. ನಿಮಗೆ ಭಯ ಅಲ್ಲ, ಕೈಲಾಗಲ್ಲ. ಈಗ ನಿಮ್ಮ ಎಲೆಗೆ ಬೀದಿ ಬೆಕ್ಕೂ ತಿರುಗಿ ನೋಡಲ್ಲ."

ಆ ಮಾತು ನಾಟಿತು. ಶನಿವಾರ ಬೆಳಗ್ಗೆ ಆರೂವರೆಗೆ, ಹೆಂಡತಿಗೆ ವಾಕಿಂಗ್ ಎಂದು ಹೇಳಿ, ತಿಮ್ಮರಾಯಪ್ಪ ಆ ಕಾಡಿನಂಚಿನ ಲಂಟಾನ ಪೊದೆಯೊಳಗೆ ಕುಕ್ಕರಗಾಲಲ್ಲಿ ಕುಳಿತಿದ್ದ. ಕೆಂಪರಾಜು ಬಯಲಿನ ಆಚೆ, ನಲವತ್ತು ಹೆಜ್ಜೆ ದೂರದ ಬಂಡೆಯ ಹಿಂದೆ.

"ಮೊದಲು ಬರೋದು ಹೆಣ್ಣು. ಮುಟ್ಟಿದ್ಯೋ, ನೋಡು ಮತ್ತೆ," ಎಂದು ತಿಮ್ಮರಾಯಪ್ಪ ಮೊದಲೇ ಹೇಳಿದ್ದ.

"ಅಷ್ಟೂ ಗೊತ್ತಾಗಲ್ವಾ ಭಾವ? ಕೊಂಬಿದ್ರೆ ಹೊಡೀತೀನಿ, ಇಲ್ದಿದ್ರೆ ಬಿಡ್ತೀನಿ."

ತಿಮ್ಮರಾಯಪ್ಪ ಊದಿದ. ಮೊದಲ ಸಲ ಬರೀ ಗಾಳಿ. ಎರಡನೆಯ ಸಲ ಕೂಗು ಎದ್ದಿತು. ಐದು ನಿಮಿಷಕ್ಕೆ ಎದುರಿನ ಎಲೆಗಳು ಅಲುಗಿ ಜಿಂಕೆಯೊಂದು ಬಯಲಿಗೆ ಕಾಲಿಟ್ಟಿತು. ಅದರ ತಲೆಯ ಮೇಲೆ ಕೊಂಬಿತ್ತು.

ಬಂಡೆಯ ಮೇಲೆ ಕೋವಿಯ ನಳಿಕೆ ಮೆಲ್ಲಗೆ ಏರಿತು.

ಬೇಟೆಯವರ ಬಾಯಲ್ಲಿ ಮೂರು ಕೊಂಬಿನ ಜಿಂಕೆ, ಎರಡು ಬಾಲದ ಜಿಂಕೆ ಎಲ್ಲವೂ ಬದುಕಿದ್ದವು. ತಿಮ್ಮರಾಯಪ್ಪನೇ ಐದು ಕಾಲಿನದನ್ನು ಅಟ್ಟಿಸಿಕೊಂಡು ಹೋಗಿ, ಒಂದು ಕಾಲು ಹೆಚ್ಚಿದ್ದರಿಂದ ಸೋತವನು. ಈಗ ಮಾತ್ರ ಅವನಿಗೆ ನಗು ಬರಲಿಲ್ಲ. ಅರವತ್ತೆಂಟು ವರ್ಷದಲ್ಲಿ ಗಂಡೊಂದು ಮರಿಯ ಕೂಗಿಗೆ ಹೀಗೆ ಮೊದಲು, ಒಂಟಿಯಾಗಿ, ಕತ್ತು ಚಾಚಿಕೊಂಡು ಬಂದದ್ದನ್ನು ಅವನು ಕಂಡಿರಲಿಲ್ಲ. ಕಣ್ಣು ಕಿರಿದು ಮಾಡಿ ನೋಡಿದ. ಕತ್ತು ಸಣ್ಣ. ಕೊಂಬು ಗೇಣುದ್ದ, ಸೊಟ್ಟ, ಮೇಲೆಲ್ಲ ತುಪ್ಪಳ. ಹಿಂಗಾಲುಗಳ ನಡುವೆ ತುಂಬಿದ ಕೆಚ್ಚಲು.

ತಾಯಿ!

ಕೂಗಿ ಹೇಳೋಣವೆಂದರೆ ಬಾಯಿ ತೆರೆಯಲು ಎಲೆ ನಿಲ್ಲಿಸಬೇಕು. ಎಲೆ ನಿಂತರೆ ಜಿಂಕೆ ನಿಲ್ಲುತ್ತದೆ. ಬಂಡೆಯ ಹಿಂದಿನವನು ಕಾಯುತ್ತಿದ್ದುದೇ ಅದಕ್ಕೆ.

ತಿಮ್ಮರಾಯಪ್ಪ ಊದುತ್ತಲೇ ಹೋದ.

ಜಿಂಕೆ ನಡೆಯುತ್ತಲೇ ಬಂತು. ಇಪ್ಪತ್ತು ಹೆಜ್ಜೆ. ಉಸಿರು ತೆಗೆದುಕೊಳ್ಳಲು ಅವನು ಒಂದು ಕ್ಷಣ ಬಿಟ್ಟರೆ ಅದು ನಿಲ್ಲುತ್ತಿತ್ತು, ನಳಿಕೆಯೂ ಅಲುಗದೆ ನಿಲ್ಲುತ್ತಿತ್ತು. ಗುಂಡು ಹಾರುವ ಮೊದಲೇ ಮತ್ತೆ ಊದಿದರೆ ಹೆಜ್ಜೆ ಮುಂದೆ. ಎದೆ ಕುಲುಮೆಯ ತಿದಿಯಂತೆ ಏರಿಳಿಯಿತು. ತುಟಿ ಒಡೆದು ಎಲೆಗೆ ರಕ್ತ ಹತ್ತಿತು. ಅವನಿಗಿದ್ದದ್ದು ಒಂದೇ ದಾರಿ: ಅದನ್ನು ತನ್ನ ಮೈಮೇಲೆ ಬರುವಷ್ಟು ಹತ್ತಿರಕ್ಕೆ ಎಳೆದುಕೊಳ್ಳುವುದು. ಆಗ ಕೋವಿಯ ಗುರಿಯಲ್ಲಿ ಜಿಂಕೆಯ ಬೆನ್ನಿಗೇ ಭಾವ ಕಾಣುತ್ತಾನೆ. ಭಾವನಿಗೆ ಹೊಡೆದು ಅಕ್ಕನ ಮನೆಗೆ ಹೋಗುವ ಧೈರ್ಯ ಕೆಂಪರಾಜುವಿಗಿರಲಿ, ಹುಲಿಗೂ ಇರಲಿಲ್ಲ.

ಹತ್ತು ಹೆಜ್ಜೆ. ಐದು. ಜಿಂಕೆಯ ಉಸಿರು ಅವನ ಮುಖಕ್ಕೆ ತಾಗಿತು. ಕೆಚ್ಚಲಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಅದು ಮೂತಿಯನ್ನು ಪೊದೆಯೊಳಗೆ ತೂರಿಸಿ, ತನ್ನ ಮರಿಗಾಗಿ, ಒಬ್ಬ ಬೊಕ್ಕತಲೆಯ ಮುದುಕನನ್ನು ಮೂಸಿತು. ಅಲ್ಲಿಗೆ ಎಲೆ ಹರಿಯಿತು.

ಗುಂಡು ಹಾರಲಿಲ್ಲ.

ಆ ಮೌನದಲ್ಲಿ, ಬೇಲಿಯ ಕಡೆಯಿಂದ, ಸಣ್ಣ ಕೂಗೊಂದು ಕೇಳಿತು. ಜಿಂಕೆ ಹೊರಳಿ ನೆಗೆಯಿತು. ಕೆಂಪರಾಜು ಎದ್ದು ನಿಂತು ಕೋವಿಯನ್ನು ಅತ್ತ ತಿರುಗಿಸಿದ. ತಿಮ್ಮರಾಯಪ್ಪನಿಗೆ ಕೂಗಲು ಉಸಿರೇ ಇರಲಿಲ್ಲ. ಕೈ ಎತ್ತಿದ, ಅಷ್ಟೆ. ಬೇಲಿಯ ಹತ್ತಿರ ಮರಿಯೊಂದು ಹುಲ್ಲಿನಿಂದ ಎದ್ದು, ಕೊಂಬಿನ ಜಿಂಕೆಯ ಹೊಟ್ಟೆಯಡಿ ತಲೆ ತೂರಿಸಿ ಗುದ್ದಿ ಗುದ್ದಿ ಹಾಲು ಕುಡಿಯತೊಡಗಿತು.

ಕೋವಿ ಎಷ್ಟೋ ಹೊತ್ತು ಹಾಗೇ ಇತ್ತು. ಆಮೇಲೆ ಇಳಿಯಿತು. ಮರಿ ಕುಡಿದು, ಎರಡೂ ಪೊದೆಗಳಲ್ಲಿ ಮರೆಯಾಗುವ ತನಕ ಇಬ್ಬರೂ ಮಿಸುಕಲಿಲ್ಲ.

ಕೆಂಪರಾಜು ಕೋವಿಯ ನಳಿಕೆ ಮಡಚಿ ತೋಟಾ ತೆಗೆದು ಜೇಬಿಗೆ ಹಾಕಿಕೊಂಡು ಬಂದ.

"ಕೊಂಬಿತ್ತಲ್ಲ ಭಾವ!"

"ನಿಮ್ಮಕ್ಕನಿಗೂ ಇದೆ. ನಲವತ್ತು ವರ್ಷದಿಂದ ನೋಡ್ತಿದೀನಿ," ಎಂದ ತಿಮ್ಮರಾಯಪ್ಪ, ಏದುಸಿರು ಬಿಡುತ್ತ. "ಹಾಗಂತ ಗಂಡಸಾಗ್ಬಿಟ್ಲಾ?"

ಕೆಂಪರಾಜು ಭಾವನ ತುಟಿಯ ರಕ್ತವನ್ನು ತನ್ನ ಕರ್ಚೀಫಿನಿಂದ ಒರೆಸಿದ. ನಂತರ ಫೋನ್ ತೆಗೆದು ದೂರ ಹೋಗಿ ನಿಂತ.

"ಸಾರ್, ನಾಳೆ ನಾಟಿ ಕೋಳಿ. ಇಲ್ಲ ಸಾರ್, ಅದಾಗಲ್ಲ... ಬಂದಿತ್ತು ಸಾರ್. ಮರಿ ಕರ್ಕೊಂಡು ಹೋಯ್ತು."