ಅರಳೀಪಾಳ್ಯದ ಕರಿಹಲಗೆಯಲ್ಲಿ ತುರ್ಕಿ

ನೆಲಮಂಗಲದಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ಬೆಳಗಿನ ಬಸ್ಸು ಹೊರಡುವ ಹೊತ್ತು ಮೀರಿದರೂ ಇದ್ದಿಲು ತಿನ್ನುತ್ತಲೇ ನಿಂತಿತ್ತು. ಯುದ್ಧ ಶುರುವಾದ ಮೇಲೆ ಪೆಟ್ರೋಲು ಕಣ್ಣಿಗೆ ಬೀಳುವುದಿಲ್ಲ. ಬಸ್ಸಿನ ಬೆನ್ನಿಗೆ ಕಬ್ಬಿಣದ ಒಲೆಯೊಂದನ್ನು ಕಟ್ಟಿ, ಇದ್ದಿಲಿನ ಗ್ಯಾಸಿನಿಂದ ಓಡಿಸುತ್ತಾರೆ. ಚಳಿಗೆ ಒಲೆ ಬೇಗ ಹೊತ್ತಲಿಲ್ಲ. ಕಂಡಕ್ಟರು ಗಾಳಿ ಹಾಕಿ ಹಾಕಿ ಮುಖವೆಲ್ಲ ಮಸಿ ಮಾಡಿಕೊಂಡು, ತಡವಾಯಿತೆಂದು ಬೈದ ನನ್ನ ಕಡೆಗೇ ತಿರುಗಿ, "ಮೇಷ್ಟ್ರಮ್ಮ, ನೀವೇ ಒಂದ್ಸಲ ಗದರಿಸಿ ನೋಡಿ, ನಿಮ್ಮ ಬಾಯಿಗಾದ್ರೂ ಹೆದರ್ತದೇನೋ" ಎಂದ. ಬಸ್ಸಿನವರೆಲ್ಲ ನಕ್ಕರು. ನನಗೆ ನಗುವ ಮನಸ್ಸಿರಲಿಲ್ಲ. ಅಂದು ಅರಳೀಪಾಳ್ಯದ ಹೆಂಗಸರು ಎಲ್ಲರೆದುರು ಓದಿ ತೋರಿಸಬೇಕಿತ್ತು. ತೋರಿಸದಿದ್ದರೆ ಅವರು ನನ್ನ ಹತ್ತಿರ ಅಕ್ಷರ ಕಲಿಯುತ್ತಿದ್ದ ಚಾವಡಿಗೆ ಬೀಗ ಬೀಳುತ್ತಿತ್ತು.

ಸರ್ಕಾರ ರೈತರಿಂದ ಲೆವಿ ರಾಗಿ ಎತ್ತುವ ಕಾಲವದು. ಎತ್ತಿದ ರಾಗಿ ಇಡಲು ಜಾಗವಿಲ್ಲವೆಂದು, ಹೋಬಳಿಯ ಕಂದಾಯ ನೋಡುವ ಶೇಕದಾರರು ಆ ಚಾವಡಿಯ ಮೇಲೆ ಕಣ್ಣಿಟ್ಟಿದ್ದರು. ಬೆಂಗಳೂರಿನಿಂದ ಹೊಸದಾಗಿ ವರ್ಗವಾಗಿ ಬಂದವರು. "ಹೆಂಗಸರು ನಿಜವಾಗಿ ಓದುವುದಾದರೆ ನಾನು ಕೈ ಹಾಕುವುದಿಲ್ಲ. ಸುಮ್ಮನೆ ಕೂತು ಹರಟುವುದಾದರೆ ರಾಗಿಯೇ ಮೇಲು" ಎಂದು ಹೇಳಿ ಕಳಿಸಿದ್ದರು. ಹರಟೆಯಂತೆ! ಆ ಮಾತು ಕೇಳಿದಾಗಿನಿಂದ ನನ್ನ ಮೈ ಉರಿಯುತ್ತಿತ್ತು.

ಮೂರಾಣೆ ಕೊಟ್ಟು, ದಾರಿಯಲ್ಲಿ ಸಿಗುವ ಮಧುರೆಗೆ ಟಿಕೆಟ್ ಕೊಂಡೆ. ಪಕ್ಕದ ಸೀಟಿನಲ್ಲಿ ದೊಡ್ಡಬಳ್ಳಾಪುರದ ರೇಷ್ಮೆಗೂಡಿನ ವ್ಯಾಪಾರಿ, ವಯಸ್ಸಾದ ಸಾಹೇಬರೊಬ್ಬರು ಕುಳಿತಿದ್ದರು. ತಲೆಯ ಮೇಲೆ ಕುಚ್ಚಿನ ಕೆಂಪು ತುರ್ಕಿ ಟೋಪಿ. ನನ್ನ ಚೀಲದಲ್ಲಿದ್ದ ಪಾಠವೂ ತುರ್ಕಿಯದೇ ಆದ್ದರಿಂದ ನಾಲಿಗೆ ತಡೆಯಲಿಲ್ಲ. "ಸಾಹೇಬರೇ, ತುರ್ಕಿಯಲ್ಲೀಗ ಈ ಟೋಪಿ ಹಾಕೋ ಹಾಗಿಲ್ಲವಂತೆ, ಗೊತ್ತೇನು?" ಎಂದೆ.

ಅವರು ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡರು. "ಗೊತ್ತಮ್ಮ. ಖಿಲಾಫತ್ ಕಾಲದಲ್ಲಿ ಅಲ್ಲಿನ ಸುಲ್ತಾನ್ರಿಗಾಗಿ ನಾವು ಇಲ್ಲಿ ಉಪವಾಸ ಮಾಡಿದ್ವಿ. ಆಮೇಲೆ ನೋಡಿದ್ರೆ ಅವರ ಜನಾನೇ ಅವರನ್ನ ಕಳಿಸ್ಬಿಟ್ರು! ಖಲೀಫರ ಪಟ್ಟಾನೂ ಬೇಡ ಅಂದ್ಬಿಟ್ರು. ಆವತ್ತು ನಮ್ಮನೇಲಿ ಒಲೆ ಹಚ್ಚಲಿಲ್ಲ" ಎಂದರು. ಟೋಪಿಯ ಕುಚ್ಚು ಸರಿಮಾಡುತ್ತ, "ಆದ್ರೂ ಒಂದ್ ಮಾತು. ಸೋತು ಸುಣ್ಣವಾಗಿದ್ದ ದೇಶ. ಪರದೇಶದ ಸೈನ್ಯ ಮನೆಯೊಳಗೇ ಬಂದು ಕೂತಿತ್ತು. ಅಂಥಾದ್ರಲ್ಲಿ ಎದ್ದು ನಿಂತ್ರಲ್ಲಮ್ಮ! ಅದಕ್ಕೆ ಸಲಾಮು ಹೊಡೀಲೇಬೇಕು" ಎಂದು ಮತ್ತೆ ಟೋಪಿ ಹಾಕಿಕೊಂಡರು. "ಹಂಗಾದ್ರೆ ಟೋಪಿ?" ಎಂದೆ. "ಇದು ದೊಡ್ಡಬಳ್ಳಾಪುರದ್ದು, ಇದಕ್ಕೆ ಯಾರ ಕಾನೂನೂ ಇಲ್ಲ" ಎಂದು ನಕ್ಕುಬಿಟ್ಟರು.

ದಿಬ್ಬವೊಂದರಲ್ಲಿ ಬಸ್ಸು ಉಸಿರು ಬಿಟ್ಟಿತು. ಗಂಡಸರು ಇಳಿದು ನೂಕಿದರು. ಮಧುರೆ ಮುಟ್ಟುವ ಹೊತ್ತಿಗೆ ಬಿಸಿಲೇರಿತ್ತು. ಅಲ್ಲಿಂದ ಅರಳೀಪಾಳ್ಯಕ್ಕೆ ಎರಡು ಮೈಲಿ ದಾರಿ. ಗಾಡಿ ಕೇಳಿದರೆ ಒಬ್ಬರೂ ಒಪ್ಪಲಿಲ್ಲ. "ಸೋಮವಾರ ಅಲ್ವಾ ಅಮ್ಮಾವ್ರೇ? ಬಸವಣ್ಣನ ದಿನ ನೊಗ ಹೂಡಾಕಿಲ್ಲ" ಎಂದರು. ಊರವರೆಲ್ಲ ಬಿಡುವಾಗಿರಲಿ ಎಂದು ಸೋಮವಾರವನ್ನು ಗೊತ್ತು ಮಾಡಿದವಳೇ ನಾನು. ನನ್ನ ಜಾಣತನಕ್ಕೆ ನನ್ನ ಕಾಲೇ ದಂಡ ತೆತ್ತಿತು. ದಾರಿಯ ಎರಡೂ ಕಡೆ ಅವರೆ ಹೊಲಗಳಲ್ಲಿ ಕಾಯಿ ಜೋತುಬಿದ್ದಿತ್ತು. ಸೊಗಡಿನ ವಾಸನೆ ಮೂಗಿಗೆ ಹಿತವಾಗಿ ಹತ್ತಿ, ಸಿಟ್ಟು ಅರ್ಧ ಇಳಿಯಿತು.

ತುರ್ಕಿಯನ್ನೇ ಪಾಠಕ್ಕೆ ಯಾಕೆ ಆರಿಸಿದೆ ಎಂದು ನೀವು ಕೇಳಬಹುದು. ಮೂರು ಖಂಡಗಳಲ್ಲಿ ಹರಡಿದ್ದ ಸಾಮ್ರಾಜ್ಯ ಒಂದೊಂದು ಸೀಮೆಯನ್ನೇ ಕಳೆದುಕೊಳ್ಳುತ್ತ ಬಂತು. ಕಡೆಗೆ ಸುಲ್ತಾನನ ಮಾತು ಅರಮನೆಯ ಬಾಗಿಲು ದಾಟದಂತಾಯಿತು. ಆಗ ಅಲ್ಲಿನ ಜನ ಒಳನಾಡಿನ ಸಣ್ಣ ಊರೊಂದರಲ್ಲಿ ಸಭೆ ಸೇರಿ, ಯುದ್ಧ ಮಾಡಿ ದೇಶ ಉಳಿಸಿಕೊಂಡರು. ಸುಲ್ತಾನ ಹಡಗು ಹತ್ತಿ ಹೋದ. ಆ ಸಣ್ಣ ಊರೇ ರಾಜಧಾನಿಯಾಯಿತು. ಆಮೇಲೆ ಹಳೆಯ ಅಕ್ಷರ ಬಿಟ್ಟು ಹೊಸ ಅಕ್ಷರ ತಂದಾಗ ಮುದುಕರು, ಹೆಂಗಸರು, ಸಿಪಾಯಿಗಳು ಎಲ್ಲರೂ ಅ ಆ ಇ ಈಯಿಂದ ಕಲಿಯಬೇಕಾಯಿತು. ದೇಶದ ಅಧ್ಯಕ್ಷನೇ ಸೀಮೆಸುಣ್ಣ ಹಿಡಿದು ಊರೂರಿನಲ್ಲಿ ಕರಿಹಲಗೆಯ ಮುಂದೆ ನಿಂತನಂತೆ. ಇದನ್ನು ಓದಿದ ದಿನ ನನಗೆ ಅರಳೀಪಾಳ್ಯವೇ ಕಣ್ಣಿಗೆ ಕಟ್ಟಿತು. ಇಡೀ ದೇಶದ ಜನವೇ ದೊಡ್ಡವರಾದ ಮೇಲೆ ಕಲಿತರೆಂದರೆ ನಮ್ಮ ಹೆಂಗಸರಿಗೆ ನಾಚಿಕೆ ಯಾಕೆ?

ಈ ಕಥೆಯನ್ನು ಅವರಿಗೆ ಮೊದಲು ಹೇಳಿದಾಗ ಮೂಲೆಯಲ್ಲಿ ಅವರೆಕಾಳು ಬಿಡಿಸುತ್ತಿದ್ದ ನಂಜಮ್ಮ ಎಂಬ ಮುದುಕಿ, "ಸುಲ್ತಾನ ಊರು ಬಿಟ್ ಹೋಗುವಾಗ ಒಬ್ರೂ ಅಳ್ಲಿಲ್ವಾ ತಾಯಿ?" ಎಂದು ಕೇಳಿದ್ದಳು. ಅವಳು ಕಲಿಯಲು ಬರುವವಳಲ್ಲ, ಸೊಸೆ ಪುಟ್ಟತಾಯಮ್ಮನ ಕಾವಲಿಗೆ ಬರುವವಳು. ಅವಳ ಪ್ರಶ್ನೆ ಹಿಡಿದು ಸಿಕ್ಕ ಪುಸ್ತಕವನ್ನೆಲ್ಲ ಇಂದಿಗೂ ತಿರುವಿಹಾಕುತ್ತಿದ್ದೇನೆ.

ನಾನು ತಲುಪಿದಾಗ ಚಾವಡಿ ತುಂಬಿತ್ತು. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಪುಟ್ಟತಾಯಮ್ಮನ ಗಂಡ ಗಿಡ್ಡಣ್ಣ ಕಂಬಕ್ಕೊರಗಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದ. ಊರೆಲ್ಲ ಅವನನ್ನು ಕರೆಯುವುದು ಹಾಗೆಯೇ. ಶೇಕದಾರರು ಜರಿ ಪೇಟ ಸುತ್ತಿ ಕುರ್ಚಿಯಲ್ಲಿ ಕುಳಿತಿದ್ದರು. ನಾನು ಕರಿಹಲಗೆಯ ಮೇಲೆ ಪಾಠ ಬರೆದೆ:

ತುರ್ಕಿ ಒಂದು ದೇಶ. ಅಲ್ಲಿ ಸುಲ್ತಾನ ಆಳುತ್ತಿದ್ದ. ಈಗ ಸುಲ್ತಾನ ಇಲ್ಲ. ಪ್ರಜೆಗಳೇ ಆಳುತ್ತಾರೆ. ಆ ದೇಶದ ಬಾವುಟ ಕೆಂಪು. ಅದರ ಮೇಲೆ ಚಂದ್ರ ಇದ್ದಾನೆ. ಅಲ್ಲಿ ಹೆಂಗಸರೂ ಓಟು ಹಾಕುತ್ತಾರೆ.

ಶೇಕದಾರರು ಹುಬ್ಬೇರಿಸಿ, "ಏನಮ್ಮ ಇದು, ಸುಲ್ತಾನ ಇಲ್ಲ ಅಂತ?" ಎಂದರು. "ತುರ್ಕಿಯ ಸಮಾಚಾರ ಸ್ವಾಮಿ, ಮೈಸೂರಿನದ್ದಲ್ಲ" ಎಂದೆ. ಅವರು ಮೀಸೆಯೊಳಗೇ ಏನೋ ಅಂದುಕೊಂಡು, "ಆಗಲಿ. ಯಾರೂ ಹೇಳಿಕೊಡಬಾರದು. ನೀವೂ ಅಷ್ಟೇ" ಎಂದರು.

ಎಲ್ಲರಿಗಿಂತ ಚುರುಕಾದವಳೆಂದು ಪುಟ್ಟತಾಯಮ್ಮನನ್ನೇ ಎಬ್ಬಿಸಿದೆ. ಸೆರಗು ಬಿಗಿ ಮಾಡಿಕೊಂಡು, ಒಂದೊಂದು ಅಕ್ಷರಕ್ಕೂ ಕೈ ತೋರಿಸುತ್ತ ಓದಿದಳು. ಸುಲ್ತಾನ ಎಂಬಲ್ಲಿ ತಡವರಿಸಲಿಲ್ಲ. ಪ್ರಜೆಗಳೇ ಎಂಬಲ್ಲಿ ದನಿ ಇನ್ನಷ್ಟು ಗಟ್ಟಿಯಾಯಿತು. ನನ್ನ ಎದೆ ಉಬ್ಬಿತು. ಆಮೇಲೆ ಬಾವುಟಕ್ಕೆ ಬಂದಳು. "ಅದರ ಮೇಲೆ..." ಎಂದು ನಿಂತಳು. ಸೆರಗು ಇನ್ನೊಮ್ಮೆ ಎಳೆದುಕೊಂಡು, "ಅದರ ಮೇಲೆ ತಿಂಗಳಪ್ಪ ಇದ್ದಾನೆ" ಎಂದಳು.

ಶೇಕದಾರರು ಕುರ್ಚಿಯಿಂದ ಎದ್ದೇಬಿಟ್ಟರು. "ನಿಲ್ಲಿಸಿ! ಅಲ್ಲಿ ತಿಂಗಳಪ್ಪ ಎಲ್ಲಿದ್ದಾನೆ? ಬಾಯಿಪಾಠ ಮಾಡಿಸಿ ಕರ್ಕೊಂಡು ಬಂದಿದ್ದೀರಿ. ಅಕ್ಷರ ನೋಡಿ ಹೇಳೋರು ಹೀಗೆ ಹೇಳ್ತಾರಾ?"

ನನಗೆ ನೆಲವೇ ಬಾಯಿ ಬಿಟ್ಟಂತಾಯಿತು. "ಸರಿಯಾಗಿ ನೋಡೇ ಪುಟ್ಟತಾಯಿ" ಎಂದು ಗದರಿದೆ. ಅವಳು ತಲೆ ತಗ್ಗಿಸಿದಳು. ಉಳಿದ ಹೆಂಗಸರ ಬಾಯಿ ತುರಿಸುತ್ತಿತ್ತು, ಹೇಳುವಂತಿರಲಿಲ್ಲ. ಗಂಡಸರ ಕಡೆಯಿಂದ ಯಾರೋ, "ಮನೆಗ್ ನಡೀರಿ, ಮುದ್ದೆಗೆ ಎಸರಿಡಿ" ಎಂದ. ಶೇಕದಾರರು ಬೀಗ ತರಲು ಹೇಳಿದರು.

ಅಷ್ಟರಲ್ಲಿ ಪುಟ್ಟತಾಯಮ್ಮ ನೆಟ್ಟಗೆ ಬಂದು ನನ್ನ ಕೈಯ ಸೀಮೆಸುಣ್ಣ ಕಿತ್ತುಕೊಂಡಳು. ಕರಿಹಲಗೆಯಲ್ಲಿ ಪಾಠದ ಕೆಳಗೆ, ಇಷ್ಟಿಷ್ಟು ದಪ್ಪ ಅಕ್ಷರದಲ್ಲಿ ಬರೆದಳು. ಬರೆದು, ಕಂಬದ ಕಡೆ ಬೊಟ್ಟು ಮಾಡಿ ತೋರಿಸಿ, ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾನು ಓದಿದೆ: "ಚಂದ್ರಯ್ಯ."

"ಅಯ್ಯೋ ನನ್ನಪ್ಪಾ!" ಎಂದು ಮೂಲೆಯಿಂದ ನಂಜಮ್ಮ ಕಿರುಚಿದಳು. "ನಮ್ ಗಿಡ್ಡನಿಗೆ ನಾನಿಟ್ಟ ಹೆಸ್ರು! ಇಟ್ಟೋಳು ನಾನೇ ಮರ್ತಿದ್ದೆ! ಗಂಡನ ಹೆಸ್ರು ಅವಳೆಂಗೆ ಬಾಯಲ್ಲಿ ಹೇಳಾಳು ಸ್ವಾಮಿ?"

ಚಾವಡಿ ಹಾರಿಹೋಗುವಂತೆ ಜನ ನಕ್ಕರು. ನನಗೆ ನಗುವೂ ಬಂತು, ಕಣ್ಣೀರೂ ಬಂತು. ಓದಲು ಬಾರದವಳು ಆ ಮಾತನ್ನು ಬದಲಿಸುವುದಾದರೂ ಹೇಗೆ? ಓದಿ ತೋರಿಸು ಎಂದರೆ ಬರೆದೇ ತೋರಿಸಿದ್ದಳಲ್ಲ! ಆ ಗಳಿಗೆಯಲ್ಲಿ ಯಾವ ದೇಶದ ಅಧ್ಯಕ್ಷನ ಕೈಯ ಸೀಮೆಸುಣ್ಣಕ್ಕೂ ನಮ್ಮ ಪುಟ್ಟತಾಯಿಯ ಸೀಮೆಸುಣ್ಣ ಕಡಿಮೆಯಿರಲಿಲ್ಲ ಎಂದು ಯಾರ ಮುಂದೆ ಬೇಕಾದರೂ ಹೇಳುತ್ತೇನೆ. ಶೇಕದಾರರು ಪೇಟ ತೆಗೆದು ತಲೆ ಕೆರೆದುಕೊಂಡರು. "ನಮ್ಮ ಮನೆಯವಳೂ ಹೀಗೇ. ನಾನಿದು ಯೋಚನೆ ಮಾಡಬೇಕಿತ್ತು" ಎಂದರು. "ಮಿಕ್ಕದ್ದನ್ನೂ ಓದಿಬಿಡಮ್ಮ" ಎಂದಾಗ ಪುಟ್ಟತಾಯಮ್ಮ ಮುಸುಕಿನೊಳಗಿಂದಲೇ, "ಅಲ್ಲಿ ಹೆಂಗಸರೂ ಓಟು ಹಾಕುತ್ತಾರೆ" ಎಂದು ಓದಿ ಮುಗಿಸಿದಳು. ರಾಗಿಗೆ ಬೇರೆ ಜಾಗ ನೋಡುವುದೆಂದಾಯಿತು.

ನಂಜಮ್ಮನ ಮನೆಯಲ್ಲಿ ಮುದ್ದೆ, ಅವರೆಕಾಳಿನ ಸಾರು ಉಂಡೆ. ಸಂಜೆಯ ಬಸ್ಸು ಹಿಡಿಯಬೇಕೆಂದು ಚಾವಡಿಯಲ್ಲಿ ಬಿಟ್ಟಿದ್ದ ಚೀಲ ತೆಗೆದುಕೊಂಡು ಮೆಟ್ಟಿಲಿಳಿದವಳು, ಒಮ್ಮೆ ತಿರುಗಿ ನೋಡಿದೆ. ಎಲ್ಲರೂ ಹೋಗಿದ್ದರು. ಗಿಡ್ಡಣ್ಣನೊಬ್ಬ ಕರಿಹಲಗೆಯ ಮುಂದೆ ನಿಂತು, ಅಳಿಸಿಹೋದೀತೆಂಬ ಹೆದರಿಕೆಯಿಂದ ಬೆರಳು ತಾಗಿಸದೆ ಆ ಅಕ್ಷರಗಳನ್ನೇ ನೋಡುತ್ತಿದ್ದ. ಪುಟ್ಟತಾಯಮ್ಮ ಕಸ ಗುಡಿಸುತ್ತಿದ್ದಳು.

"ಇದೇನಾ ನನ್ ಹೆಸ್ರು? ಎಲ್ಲಿಂದ ಎಲ್ಲೀಗಂಟ? ಒಂದ್ಸಲ ಓದ್ ಹೇಳೇ" ಎಂದ.

ಅವಳು ಪೊರಕೆ ನಿಲ್ಲಿಸಲಿಲ್ಲ. "ನಾನು ಹೇಳಂಗಿಲ್ವಲ್ಲ. ನಾಳೆಯಿಂದ ಬಂದು ಕೂತ್ಕೊಂಡು ಕಲ್ತು, ನೀನೇ ಓದ್ಕೊ."